ಯಾರೂ ನೋಡದ ತುಟಿಬಣ್ಣ

ನಮ್ಮ ಅಣ್ಣನ ಮೊಮ್ಮಗಳು ಹೋದ ತಿಂಗಳು ಹಾಸನದ ಒಂದು ಆಸ್ಪತ್ರೆಯಲ್ಲಿ ಫೋನಿನ ಮುಂದೆ ಕೂರುವ ಕೆಲಸಕ್ಕೆ ಸೇರಿದಳು. ಆಶೀರ್ವಾದ ತೆಗೆದುಕೊಳ್ಳಲು ಬಂದವಳು, "ಸುಲಭದ ಕೆಲಸ ಅಜ್ಜಿ, ಬರೀ ಮಾತಾಡೋದು. ಯಾರೂ ನಮ್ಮನ್ನ ನೋಡೋದೇ ಇಲ್ಲ. ತಲೆ ಬಾಚಿಕೊಳ್ದೆ ಹೋದ್ರೂ ನಡೆಯುತ್ತೆ" ಎಂದಳು. ನನಗೆ ಎಲ್ಲಿತ್ತೋ ಸಿಟ್ಟು ಬಂದುಬಿಟ್ಟಿತು. "ನಡೆಯಲ್ಲ ಕಣೇ" ಎಂದೆ. ಅವಳು ನಕ್ಕು, ಕಾಲಿಗೆ ನಮಸ್ಕಾರ ಮಾಡಿ ಹೊರಟುಹೋದಳು. ಯಾಕೆ ನಡೆಯುವುದಿಲ್ಲ ಎಂದು ಆ ಗಳಿಗೆಯಲ್ಲಿ ವಿವರಿಸಲು ಆಗಲಿಲ್ಲ. ಈಗ ಕುಳಿತು ಬರೆಯುತ್ತಿದ್ದೇನೆ, ಅವಳಿಗೂ, ಅವಳ ಹಾಗೆ ಕಿವಿಗೆ ಫೋನು ಸಿಕ್ಕಿಸಿಕೊಂಡು ಅನ್ನ ಸಂಪಾದಿಸುವ ಎಲ್ಲ ಹುಡುಗಿಯರಿಗೂ.

ನಾನು ಅರಸೀಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದ್ದು ಐವತ್ತರ ದಶಕ ಮುಗಿಯುತ್ತ ಬಂದಾಗ. ಆಮೇಲೆ ಎಲ್ಲೆಲ್ಲಿಗೆ ವರ್ಗವಾಯಿತು, ಏನೇನು ಆದೆ ಎಂಬುದನ್ನು ಬರೆಯಹೊರಟರೆ ನನಗೇ ಆಕಳಿಕೆ ಬರುತ್ತದೆ. ಅದು ಬೇಡ. ಮೊದಲ ಎರಡು ಮೂರು ವರ್ಷದ ಮಾತು ಸಾಕು. ನಾನು ಕಲಿತದ್ದೆಲ್ಲ ಆಗಲೇ.

ಹುಟ್ಟಿದ್ದು ಬೇಲೂರಿನಲ್ಲಿ. ಅಪ್ಪ ದೇವಸ್ಥಾನದಲ್ಲಿ ಪರಿಚಾರಕರು. ಬೇಲೂರಿನವಳು ಎಂದ ಕೂಡಲೇ ಜನ, "ಓಹೋ, ಶಿಲಾಬಾಲಿಕೆಯರ ಊರು! ಅಲಂಕಾರ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ" ಎನ್ನುತ್ತಾರೆ. ಮಣ್ಣು! ನಮ್ಮ ಮನೆಯಲ್ಲಿದ್ದದ್ದು ಅಂಗೈ ಅಗಲದ ಒಂದು ಕನ್ನಡಿ, ಅದೂ ಅಪ್ಪ ನಾಮ ಇಟ್ಟುಕೊಳ್ಳುವುದಕ್ಕೆ. ಕಲ್ಲಿನ ಹೆಂಗಸರಿಗೆ ಬಣ್ಣದ ಚಿಂತೆ ಇರಲಿಲ್ಲ, ಎಲ್ಲರೂ ಒಂದೇ ಕಪ್ಪು. ನಾನೂ ಕಪ್ಪು. ಆದರೆ ನನ್ನನ್ನು ನೋಡಲು ಬರುತ್ತಿದ್ದವರು ಟಿಕೆಟ್ಟಿಲ್ಲದೆ ಬಂದ ಯಾತ್ರಿಕರಲ್ಲ, ಗಂಡಿನ ಕಡೆಯವರು.

ಅವರು ಬರುವ ದಿನ ನಮ್ಮ ಸೋದರತ್ತೆ ಪೌಡರ್ ಡಬ್ಬಿ ಹಿಡಿದುಕೊಂಡು ಬರುತ್ತಿದ್ದರು. ಡಬ್ಬಿ ಅವರದೇ. ಬಂದವರು ಹೋದ ಮೇಲೆ ಮುಚ್ಚಳ ಬಿಗಿದು ವಾಪಸು ತೆಗೆದುಕೊಂಡು ಹೋಗುತ್ತಿದ್ದರು. ನನ್ನ ಗದ್ದ ಹಿಡಿದು ಮೆತ್ತುವಾಗ, "ಅಲ್ಲಾಡಬೇಡ ಕಣೇ ಶಾರದಾ, ಉದುರುತ್ತೆ" ಎನ್ನುತ್ತಿದ್ದರು. ಅಪ್ಪನ ಕನ್ನಡಿಯಲ್ಲಿ ನೋಡಿಕೊಂಡರೆ ಥೇಟ್ ಬೂದುಗುಂಬಳಕಾಯಿ. ಹಾಗೇ ಹೋಗಿ ಜಮಖಾನೆಯ ಮೇಲೆ ಕೂರಬೇಕು, ಒಂದು ದೇವರನಾಮ ಹಾಡಬೇಕು. ಅವರು ಸಜ್ಜಿಗೆ, ಬೊಂಡ ತಿಂದು, ಕಾಫಿ ಕುಡಿದು, "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಎದ್ದು ಹೋಗುತ್ತಿದ್ದರು. ಕಾಗದ ಬರುತ್ತಿರಲಿಲ್ಲ. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಳ್ಳುತ್ತಿದ್ದೆ. ಹಾಸನದವರು ಬಂದರು, ಹಳೇಬೀಡಿನವರು ಬಂದರು, ಎಲ್ಲಿಯವರೋ ಬಂದರು. ಪ್ರತಿ ಸಲವೂ ಅದೇ ಪೌಡರು, ಅದೇ ಬಚ್ಚಲು. ಅವಮಾನ ಅಂದರೆ ಏನು ಎಂದು ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಎಸ್ಸೆಸ್ಸೆಲ್ಸಿ ಆಗಿತ್ತು. ಅರಸೀಕೆರೆಯಲ್ಲಿ ರೈಲ್ವೆ ಗುಮಾಸ್ತರಾಗಿದ್ದ ಸೋದರಮಾವ ಅರ್ಜಿ ಹಾಕಿಸಿದರು, ಕೆಲಸ ಸಿಕ್ಕಿತು. ಅಪ್ಪ ಬಸ್ಸು ಹತ್ತಿಸುವಾಗ ಹೇಳಿದ ಮಾತು ಇಷ್ಟೇ: "ಮಾವನ ಮನೇಲಿದ್ದು ಮರ್ಯಾದೆಯಿಂದ ಕೆಲಸ ಮಾಡು. ಏನಾದ್ರೂ ರಗಳೆ ಆಯ್ತೋ, ಸೀದಾ ವಾಪಸ್ಸು ಬೇಲೂರಿಗೆ." ವಾಪಸ್ಸು ಎಂದರೆ ಮತ್ತೆ ಜಮಖಾನೆ, ಮತ್ತೆ ಅತ್ತೆಯ ಡಬ್ಬಿ. ನಾನು ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದುಕೊಂಡೇ ಅರಸೀಕೆರೆಯವರೆಗೂ ಬಂದೆ.

ಎಕ್ಸ್‌ಚೇಂಜ್ ಎಂದರೆ ಒಂದು ಕೋಣೆ. ಗೋಡೆಗೆ ಬೋರ್ಡು, ಬೋರ್ಡಿನ ತುಂಬ ತೂತುಗಳು, ಪ್ರತಿ ತೂತಿನ ಮೇಲೂ ಪುಟ್ಟ ಮುಚ್ಚಳ. ಊರಿನಲ್ಲಿ ಫೋನ್ ಇದ್ದವರು ಹಿಡಿ ತಿರುಗಿಸಿದರೆ ಇಲ್ಲಿ ಅವರ ಮುಚ್ಚಳ ಟಪ್ಪೆಂದು ಬೀಳುತ್ತದೆ. ಆ ತೂತಿಗೆ ವೈರು ಚುಚ್ಚಿ "ನಂಬರ್ ಪ್ಲೀಸ್" ಎನ್ನಬೇಕು. ಅವರು ಕೇಳಿದವರ ತೂತಿಗೆ ಇನ್ನೊಂದು ವೈರು. ಇಷ್ಟೇ ವಿದ್ಯೆ. ಆದರೆ ಕೊಬ್ಬರಿ ಸಂತೆಯ ದಿನ ಮುಚ್ಚಳಗಳು ಆಲಿಕಲ್ಲಿನ ಹಾಗೆ ಬೀಳುತ್ತಿದ್ದವು. ಪಕ್ಕದಲ್ಲಿ ಬ್ಯಾಟರಿ ರೂಮು, ಆಸಿಡ್ಡಿನ ವಾಸನೆ. ಇನ್ನೊಂದು ಪಕ್ಕಕ್ಕೆ, ಸಣ್ಣ ಗಾಜಿನ ಕಿಂಡಿಯ ಆಚೆ, ಸಾರ್ವಜನಿಕರು ಬಂದು ಪರಊರಿಗೆ ಟ್ರಂಕ್ ಕಾಲ್ ಮಾಡುವ ಮರದ ಗೂಡು.

ನಮ್ಮ ಸೂಪರ್‌ವೈಸರ್ ನಂಜುಂಡಯ್ಯನವರು. ನಶ್ಯದ ಮನುಷ್ಯ. ಒಳ್ಳೆಯವರೇ, ಆದರೆ ಮೇಲಿನಿಂದ ಕಾಗದ ಬರುತ್ತದೆ ಎಂದರೆ ಹೆದರಿ ಎರಡೆರಡು ಸಲ ನಶ್ಯ ಏರಿಸುತ್ತಿದ್ದರು. ಬಾಗಿಲ ಹಿಂದೆ ನಿಂತು ನಮ್ಮ ‘ಪ್ಲೀಸ್’ ಕೇಳಿಸಿಕೊಳ್ಳುವುದು ಅವರ ಪದ್ಧತಿ. "ಗಿರಾಕಿಗೆ ನಿಮ್ಮ ಮುಖ ಕಾಣಲ್ಲಮ್ಮ, ಆದ್ರೆ ಹುಬ್ಬು ಗಂಟು ಹಾಕಿದ್ರೆ ಕೇಳಿಸುತ್ತೆ" ಎನ್ನುತ್ತಿದ್ದರು. ಹೊಸಬರು ಈ ಒಂದು ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡರೆ ಸಾಕು.

ಸೇರಿದ ಹೊಸತರಲ್ಲೇ ನಾನೊಂದು ಭಾನಗಡಿ ಮಾಡಿದೆ. ದೊಡ್ಡ ಸಾಹೇಬರೊಬ್ಬರು ಹಳೇಬೀಡು ನೋಡಿಕೊಂಡು ಬೇಲೂರಿನ ಬಂಗಲೆಯಲ್ಲಿ ಉಳಿದಿದ್ದರು. ರಾತ್ರಿಯ ರೈಲಿನಲ್ಲಿ ತಮ್ಮ ಬರ್ತ್ ಇದೆಯೋ ಇಲ್ಲವೋ ಎಂದು ಅರಸೀಕೆರೆ ಸ್ಟೇಷನ್ ಮಾಸ್ತರರನ್ನು ಕೇಳಬೇಕಿತ್ತು. ಅದೇ ಹೊತ್ತಿಗೆ ಕೊಬ್ಬರಿ ಮಂಡಿಯ ರುದ್ರಪ್ಪನವರಿಗೆ ತಿಪಟೂರಿನ ತಮ್ಮ ಏಜೆಂಟು ಬೇಕಿತ್ತು. ನಾನು ವೈರು ಅದಲುಬದಲು ಚುಚ್ಚಿದೆ. ಸ್ಟೇಷನ್ ಮಾಸ್ತರರಿಗೆ ತಿಪಟೂರಿನ ಕೊಬ್ಬರಿ ಧಾರಣೆ ಹೋಯಿತು. ಸಾಹೇಬರಿಗೆ ರುದ್ರಪ್ಪನವರು ಸಿಕ್ಕರು. ಅವರೋ ಎತ್ತಿದೊಡನೆ, "ಎಲ್ಲಿ ಹಾಳಾಗ್ ಹೋಗಿದ್ಯಲಾ? ಮೂಟೆ ಕಟ್ಟಿ ಕುಂತಿದ್ದೀನಿ, ಗಾಡಿ ಎಲ್ಲೈತ್ಲಾ?" ಎಂದು ಗದರಿದರು. ಸಾಹೇಬರು ಇಂಗ್ಲಿಷಿನಲ್ಲಿ ಕಿಡಿಕಿಡಿಯಾದರು. ಇವರಿಗೆ ಅದು ಅರ್ಥವಾಗದೆ ಇನ್ನೂ ಜೋರಾಗಿ ಗದರಿದರು. ನಾನು ವೈರು ಕಿತ್ತು, ಇಬ್ಬರ ಕ್ಷಮೆಯನ್ನೂ ಕೇಳಿದೆ. ಸಾಹೇಬರು ಕ್ಷಮಿಸಿದರೋ ಇಲ್ಲವೋ ತಿಳಿಯದು. ರುದ್ರಪ್ಪನವರು ಮಾತ್ರ ವಿಷಯ ತಿಳಿದು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಫೋನ್ ಎತ್ತಿದಾಗಲೆಲ್ಲ, "ತಾಯೀ, ಇವತ್ತು ಯಾವ ಸಾಹೇಬ್ರ ಹತ್ರ ಬೈಸ್ತೀಯವ್ವಾ?" ಎಂದು ಕೇಳಿ ನಗುವುದು, ನಾನೂ ನಗುವುದು ರೂಢಿಯಾಯಿತು. ಅವರನ್ನು ನಾನು ಕಣ್ಣಿಂದ ನೋಡಿಯೂ ಇರಲಿಲ್ಲ.

ಈಗ ಬಣ್ಣದ ವಿಷಯಕ್ಕೆ ಬರುತ್ತೇನೆ.

ಮೊದಲ ಸಂಬಳ ಬಂದ ದಿನ ಮಾವನ ಕೈಗೆ ಕೊಡುವುದನ್ನು ಕೊಟ್ಟು, ಉಳಿದದ್ದರಲ್ಲಿ ಸ್ಟೇಷನ್ ರಸ್ತೆಯ ಫ್ಯಾನ್ಸಿ ಅಂಗಡಿಗೆ ಹೋದೆ. ಮುಖಕ್ಕೆ ಸವರುವ ಒಂದು ಸ್ನೋ, ಒಂದು ಪೌಡರು, ಕಾಡಿಗೆ. ಅಂಗಡಿಯವರು ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಒಂದು ತುಟಿಬಣ್ಣ ಇಟ್ಟಿದ್ದರು. ನಾಟಕದವರು ಬಂದರೆ ಮಾತ್ರ ಹೋಗುವ ಮಾಲು. ಅದನ್ನೂ ತೆಗೆದುಕೊಂಡೆ. ನನ್ನ ಡಬ್ಬಿ! ಯಾರೂ ಮುಚ್ಚಳ ಬಿಗಿದು ವಾಪಸು ಒಯ್ಯದ ಡಬ್ಬಿ! ಮನೆಯಲ್ಲಿ ಹಚ್ಚಿಕೊಳ್ಳುವ ಹಾಗಿಲ್ಲ, ಮಾವನ ಹೆಂಡತಿ ಸುಮ್ಮನಿರುವವರಲ್ಲ. ಬೀದಿಯಲ್ಲಂತೂ ಕೇಳಲೇಬೇಡಿ. ಹಾಗಾಗಿ ಡ್ಯೂಟಿಗೆ ಬಂದು, ಬ್ಯಾಟರಿ ರೂಮಿನಲ್ಲಿ ರಾತ್ರಿ ಪಾಳಿಯ ಗಂಡಸರು ಕ್ರಾಪು ಬಾಚಲು ಇಟ್ಟಿದ್ದ ಕನ್ನಡಿಯ ಮುಂದೆ ನಿಂತು, ಸ್ನೋ ಸವರಿ, ತೆಳ್ಳಗೆ ಪೌಡರ್ ಹಾಕಿ, ಕಾಡಿಗೆ ತೀಡಿ, ತುಟಿಗೆ ಬಣ್ಣ ಹಚ್ಚಿಕೊಂಡು ಬೋರ್ಡಿನ ಮುಂದೆ ಕೂರುತ್ತಿದ್ದೆ. ಬೋರ್ಡಿನ ಮೇಲೆ ಒಬ್ಬಳದೇ ಡ್ಯೂಟಿ. ಮುಗಿದ ಮೇಲೆ ಕರವಸ್ತ್ರದಿಂದ ತುಟಿ ಒರೆಸಿಕೊಂಡು ಮನೆಗೆ ಹೋಗುತ್ತಿದ್ದೆ.

ಅದರ ಸುಖವನ್ನು ಹೇಗೆ ಹೇಳಲಿ? ಅಲ್ಲಿಯವರೆಗೆ ನಾನು ಬಣ್ಣ ಹಚ್ಚಿಕೊಂಡದ್ದೆಲ್ಲ ಯಾರೋ ನೋಡಿ, ಬೇಡ ಎಂದು ಹೇಳಿಹೋಗುವುದಕ್ಕೆ. ಇಲ್ಲಿ ನೋಡುವವರೇ ಇಲ್ಲ. ಬೇಡ ಎನ್ನುವವರು ಎಲ್ಲಿಂದ ಬರಬೇಕು? ಅತ್ತೆಯ ಹಾಗೆ ಬೆಳ್ಳಗೆ ಕಾಣಲೆಂದು ಮೆತ್ತುತ್ತಿರಲಿಲ್ಲ. ಕಪ್ಪು ಮುಖಕ್ಕೆ ಆ ದಾಳಿಂಬೆ ಬಣ್ಣ ಚೆನ್ನಾಗಿ ಒಪ್ಪುತ್ತಿತ್ತು. ನನಗೆ ನಾನು ಚೆಂದ ಕಂಡೆ, ಮೊದಲ ಸಲ. ಮುಖ ಹಾಗೆ ಇದ್ದ ದಿನ ಧ್ವನಿಯೂ ತಾನೇ ಅರಳಿಕೊಂಡು ಬರುತ್ತಿತ್ತು. ಬಾಗಿಲ ಹಿಂದೆ ನಂಜುಂಡಯ್ಯನವರು, "ಚೆನ್ನಾಗಿದೆ, ಹೀಗೇ ಇರಲಿ" ಎನ್ನುತ್ತಿದ್ದರು. ಅವರು ಬಣ್ಣ ಕಂಡೂ ಕಾಣದವರ ಹಾಗಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ, ಮಂಡಿಗಳಲ್ಲಿ ಊಟದ ಬಿಡುವಿನ ಹೊತ್ತು, ಎಕ್ಸ್‌ಚೇಂಜಿನ ಬಾಗಿಲು ದಢಾರನೆ ತೆರೆಯಿತು. ‘ಒಳಗೆ ಪ್ರವೇಶವಿಲ್ಲ’ ಎಂಬ ಹಲಗೆಯನ್ನು ದಾಟಿ ಒಬ್ಬ ಹೆಂಗಸು ಬಂದು ನಿಂತಳು. ಹಣೆ ತುಂಬ ವಿಭೂತಿ, ಕತ್ತಿನಲ್ಲಿ ಬಂಗಾರ, ಎಲೆಅಡಿಕೆ ಹಾಕಿ ಕೆಂಪಾದ ಬಾಯಿ. ರುದ್ರಪ್ಪನವರ ಹೆಂಡತಿ ಪಾರ್ವತಮ್ಮ.

"ನಮ್ಮ ಮಂಡಿ ಯಜಮಾನ್ರ ಜೊತೆ ದಿನಾ ನಕ್ಕಂಡು ಮಾತಾಡೋಳು ಯಾರು?"

"ಯಾಕಮ್ಮ, ಏನಾಯ್ತು?" ಎನ್ನುತ್ತ ನಾನು ತಿರುಗಿದೆ.

"ಮನೇಲಿ ಬಾಯಿ ಬಿಟ್ರೆ ಉಪ್ಪು ಕಮ್ಮಿ, ಖಾರ ಜಾಸ್ತಿ, ಅಷ್ಟೇಯ. ಫೋನ್ ಹಿಡಿದ್ರೆ ಹಲ್ಲು ಕಿಸೀತಾರೆ ಅಂತ ಮಂಡಿ ಆಳೆಲ್ಲಾ ಆಡ್ಕಂತಾವೆ…" ಎಂದವರು ನನ್ನ ಮುಖ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಶಿವನೇ! ತುಟಿಗೆ ಬಣ್ಣ ಬೇರೆ! ಯಾರ್ ನೋಡ್ಲಿ ಅಂತ ಹಿಂಗೆ ಬಳ್ಕಂಡು ಕುಂತಿದ್ದೀಯವ್ವಾ? ಈ ರೂಮ್ನಾಗೆ ಯಾರವ್ರೆ?"

"ಯಾರೂ ಇಲ್ಲಮ್ಮ. ಅದಕ್ಕೇ ಹಚ್ಕೊಂಡಿದ್ದೀನಿ" ಎಂದೆ.

ಸತ್ಯವನ್ನೇ ಹೇಳಿದ್ದೆ. ಅವರಿಗೆ ಅದು ಉದ್ಧಟತನವಾಗಿ ಕೇಳಿಸಿತು. ಶುರುವಾಯಿತು ನೋಡಿ ಸಹಸ್ರನಾಮ! ಅಷ್ಟರಲ್ಲಿ ಒಂದು ಮುಚ್ಚಳ ಬಿತ್ತು. ಕೆಲಸ ಬಿಡುವಂತಿಲ್ಲವಲ್ಲ, ವೈರು ಚುಚ್ಚಿ "ನಂಬರ್ ಪ್ಲೀಸ್" ಎಂದೆ. ಆ ಕಡೆ ರುದ್ರಪ್ಪನವರೇ! "ತಾಯೀ, ಇವತ್ತು ಯಾವ ಸಾಹೇಬ್ರು…" ಎಂದು ಆರಂಭಿಸಿದವರು ಗಕ್ಕನೆ ನಿಂತು, "ಅದೇನವ್ವಾ, ಅಲ್ಲಿ ನಮ್ಮನೆ ಧ್ವನಿ ಕೇಳ್ದಂಗಾಗ್ತೈತೆ?" ಎಂದರು. "ಹೌದು ಯಜಮಾನರೇ, ಇಲ್ಲೇ ಇದ್ದಾರೆ" ಎಂದೆ. ಆ ಕಡೆ ಫೋನ್ ಇಟ್ಟ ಸದ್ದು. ಹಾಗೆ ಅಷ್ಟು ಬೇಗ ಫೋನ್ ಇಟ್ಟ ಇನ್ನೊಬ್ಬ ಗಿರಾಕಿಯನ್ನು ನನ್ನ ಸರ್ವೀಸಿನಲ್ಲಿ ಕಾಣಲಿಲ್ಲ.

ಗಲಾಟೆಗೆ ನಂಜುಂಡಯ್ಯನವರು ಓಡಿಬಂದು, ಕೈಮುಗಿದು, ಪಾರ್ವತಮ್ಮನವರನ್ನು ಸಮಾಧಾನ ಮಾಡಿ ಕಳಿಸಿದರು. ಆಮೇಲೆ ನನ್ನನ್ನು ಕರೆದರು.

"ನೋಡೀಮ್ಮ, ನೀವಿನ್ನೂ ಟೆಂಪರರಿ. ಆಯಮ್ಮ ಮೇಲಕ್ಕೆ ಒಂದು ಅರ್ಜಿ ಬರೆಸಿದ್ರೆ ನಿಮ್ಮ ಕೆಲಸ ಹೋಯ್ತು. ನಾಳೆಯಿಂದ ಮುಖ ತೊಳ್ಕೊಂಡು ಬನ್ನಿ."

"ತೊಳ್ಕೊಂಡೇ ಬರ್ತೀನಿ ಸಾರ್. ಹಚ್ಕೊಳ್ಳೋದು ಇಲ್ಲಿಗೆ ಬಂದ ಮೇಲೆ."

"ಅದೇ ಕಣಮ್ಮ ನನಗೆ ತಿಳೀತಿಲ್ಲ! ಲೋಕದಲ್ಲಿ ಎಲ್ರೂ ಹೊರಗೆ ಹೋಗೋವಾಗ ಹಚ್ಕೋತಾರೆ. ನೀವು ಒಳಗೆ ಬಂದು ಹಚ್ಕೊಂಡು, ಹೊರಗೆ ಹೋಗೋವಾಗ ಒರೆಸ್ಕೋತೀರಿ. ಇದು ಯಾವ ಸೀಮೆ ಶೃಂಗಾರ?"

ಜಮಖಾನೆಯ ಕಥೆ, ಅತ್ತೆಯ ಡಬ್ಬಿಯ ಕಥೆ ಅವರ ಮುಂದೆ ಹೇಳಲು ಬಾಯಿ ಬರಲಿಲ್ಲ. "ಆಗಲಿ ಸಾರ್" ಎಂದು ಬಂದೆ. ರಗಳೆ ಆಗಿಯೇ ಹೋಗಿತ್ತು. ಅಪ್ಪನ ಕಿವಿಗೆ ಬಿದ್ದರೆ ಬೇಲೂರಿನ ಬಸ್ಸೇ ಗತಿ.

ಮಾರನೆಯ ದಿನದಿಂದ ಬರಿಮುಖದಲ್ಲಿ ಕೂತೆ. ಏನೂ ಆಗುವುದಿಲ್ಲ ಎಂದುಕೊಂಡಿದ್ದೆ. ಆಯಿತು. ಬೋರ್ಡಿನ ಮುಂದೆ ಕೂತರೆ ಬಚ್ಚಲಿನಿಂದ ಮುಖ ತೊಳೆದುಕೊಂಡು ಎದ್ದು ಬಂದಂತೆ ಅನಿಸುತ್ತಿತ್ತು. ಇಲ್ಲಿಯೂ ಬಂದು ನೋಡಿ, ಬೇಡ ಎಂದು ಹೇಳಿಹೋದರಲ್ಲ ಎಂಬ ಸಂಕಟ. ನಂಬರ್ ಪ್ಲೀಸ್ ಎಂದರೆ ನನಗೇ ಅದು ಬೇರೆ ಯಾರದೋ ಧ್ವನಿ. "ಏನಮ್ಮಾ, ಹುಷಾರಿಲ್ವಾ?" ಎಂದು ಮಂಡಿಯವರು ಕೇಳತೊಡಗಿದರು. ರುದ್ರಪ್ಪನವರು ಮಾತ್ರ ಏನೂ ಕೇಳುತ್ತಿರಲಿಲ್ಲ. ಪಾಪ, ಬರೀ ನಂಬರ್ ಹೇಳಿ ಸುಮ್ಮನಾಗುತ್ತಿದ್ದರು.

ಕೊನೆಗೆ ನಂಜುಂಡಯ್ಯನವರೇ ನಶ್ಯದ ಡಬ್ಬಿ ತಿರುಗಿಸುತ್ತ ಬಂದು ನಿಂತರು. "ನಿಮ್ಮನ್ನ ಖಾಯಂ ಮಾಡೋ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ದಾರಮ್ಮ. ಆಪರೇಟರ್ ಅಂದ ಮೇಲೆ ಧ್ವನಿ ತಾನೇ? ಅದೇ ಸತ್ತುಹೋಗಿದೆಯಲ್ಲ, ಏನಂತ ಹೇಳ್ಲಿ?" ಎಂದರು. ಅವರ ಮುಖದಲ್ಲೂ ಬೇಸರವಿತ್ತು. ಬಣ್ಣ ಹಚ್ಚಿದರೆ ಕೆಲಸ ಹೋಗುತ್ತದೆ, ಹಚ್ಚದಿದ್ದರೂ ಹೋಗುತ್ತದೆ. ಆ ರಾತ್ರಿ ಮಾವನ ಮನೆಯಲ್ಲಿ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದೆ.

ಅದಾದ ಕೆಲವು ದಿನಕ್ಕೆ ದಾವಣಗೆರೆಗೆ ಒಂದು ಟ್ರಂಕ್ ಕಾಲ್ ಬುಕ್ ಆಯಿತು, ರುದ್ರಪ್ಪನವರ ಹೆಸರಿನಲ್ಲಿ, ನಮ್ಮ ಗೂಡಿನಿಂದಲೇ ಮಾತಾಡುವುದು ಎಂದು. ಮಂಡಿಯಲ್ಲಿ ಫೋನ್ ಇಟ್ಟುಕೊಂಡವರು ಇಲ್ಲಿಗೇಕೆ ಬರಬೇಕು ಎಂದು ನನಗೆ ಆಶ್ಚರ್ಯ. ಸಂಜೆ ನೋಡಿದರೆ ಗಂಡಹೆಂಡತಿ ಇಬ್ಬರೂ ಬಂದರು. ಅವರ ಮಗಳು ನಾಗರತ್ನಳನ್ನು ದಾವಣಗೆರೆಗೆ ಕೊಟ್ಟಿತ್ತು. ಅತ್ತೆಮನೆಯಲ್ಲಿ ಹೊಸದಾಗಿ ಫೋನ್ ಹಾಕಿಸಿದ್ದರು. ಮಗಳನ್ನು ನೋಡಿ ವರ್ಷವಾಗುತ್ತ ಬಂದಿದ್ದ ಪಾರ್ವತಮ್ಮನವರು ಅವಳ ಮಾತು ಕೇಳಲೇಬೇಕೆಂದು ಹಟ ಹಿಡಿದಿದ್ದರು. ಮಂಡಿಯ ಗದ್ದಿಗೆಯ ಮೇಲೆ ಹಮಾಲರು, ರೈಟರುಗಳ ನಡುವೆ ಮನೆಯ ಹೆಂಗಸು ಕೂತು ಮಾತಾಡುವುದುಂಟೇ? ಅದಕ್ಕೇ ಇಲ್ಲಿಗೆ.

ಗಾಜಿನ ಕಿಂಡಿಯಿಂದ ನೋಡಿದವಳು ನಾನು ಕಣ್ಣು ಬಿಟ್ಟುಕೊಂಡು ಕೂತೆ. ಪಾರ್ವತಮ್ಮ ಮದುವೆಗೆ ಹೊರಟಂತೆ ಬಂದಿದ್ದರು! ಇಳಕಲ್ ಸೀರೆ, ಮುಡಿ ತುಂಬ ಕನಕಾಂಬರ, ಕಣ್ಣಿಗೆ ಕಾಡಿಗೆ, ಮುಖಕ್ಕೆ ಪೌಡರು. ಅವಸರದಲ್ಲಿ ಹಾಕಿದ್ದಿರಬೇಕು, ಕತ್ತಿನ ಮೇಲೆಲ್ಲ ಉದುರಿತ್ತು.

ರುದ್ರಪ್ಪನವರು ಗೊಣಗುತ್ತಿದ್ದರು. "ಫೋನ್ನಾಗೆ ಮಕ ಕಾಣ್ತದಾ? ಯಾರ್ ನೋಡ್ಲಿ ಅಂತ ಇಷ್ಟೆಲ್ಲಾ ರೆಡಿಯಾಗಿದ್ದೀಯ? ಇದ್ಕೇ ಅರ್ಧ ಗಂಟೆ ಕಾಯಿಸಿದ್ಲು, ನೋಡಿ ಸೋಮಿ" ಎಂದು ನಂಜುಂಡಯ್ಯನವರಿಗೆ ದೂರು ಹೇಳಿದರು.

"ಯಾರೂ ನೋಡ್ದಿದ್ರೆ ಏನಂತೆ?" ಪಾರ್ವತಮ್ಮ ತಿರುಗಿಬಿದ್ದರು. "ಮಗಳ ಜೊತೆ ಮಾತಾಡಾಕೆ ಕೊಟ್ಟಿಗೆ ಸೀರೇಲಿ ಬರ್ಲಾ? ನನ್ ಮನಸ್ಗೆ ಬ್ಯಾಡ್ವಾ?"

ಅಂದವರ ಕಣ್ಣು ಗಾಜಿನ ಈಚೆ ಕೂತಿದ್ದ ನನ್ನ ಮೇಲೆ ಬಿತ್ತು. ಬಾಯಿ ಹಾಗೇ ನಿಂತಿತು. ನಂಜುಂಡಯ್ಯನವರೂ ನಶ್ಯ ಏರಿಸಲು ಎತ್ತಿದ ಬೆರಳನ್ನು ಮೂಗಿನ ಹತ್ತಿರವೇ ಹಿಡಿದುಕೊಂಡು ನನ್ನತ್ತ ನೋಡಿದರು. ಅಷ್ಟರಲ್ಲಿ ದಾವಣಗೆರೆ ಲೈನು ಬಂತು.

ಮೂರೇ ನಿಮಿಷದ ಕಾಲ್. ಗೂಡಿನೊಳಗೆ ಫೋನ್ ಕಿವಿಗಿಟ್ಟುಕೊಂಡ ಪಾರ್ವತಮ್ಮ "ಅವ್ವಾ" ಎಂಬ ಮಗಳ ಧ್ವನಿ ಕೇಳುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಆ ಕಡೆ ಹುಡುಗಿ ಹಲೋ ಹಲೋ ಎಂದು ಕೂಗುತ್ತಿದ್ದಾಳೆ, ಈ ಕಡೆ ಬರೀ ಬಿಕ್ಕು. ಲೈನಿನಲ್ಲಿದ್ದ ನಾನು ತಡೆಯಲಾರದೆ, "ಪಾರ್ವತಮ್ಮನವರೇ, ಅಳಬೇಡಿ, ಟೈಮು ಹೋಗ್ತಾ ಇದೆ. ಏನು ಸೀರೆ ಉಟ್ಕೊಂಡು ಬಂದಿದ್ದೀರಿ ಅಂತ ಮಗಳಿಗೆ ಹೇಳಿ" ಎಂದೆ. ಅವರು ಮೂಗೆಳೆದುಕೊಂಡು, "ನಿನ್ ಮದ್ವೇಲಿ ತಗಂಡಿದ್ನಲ್ಲ ಕಣೇ, ಆ ಇಳಕಲ್ ಸೀರೆ ಉಟ್ಕಂಡು ಬಂದಿವ್ನಿ" ಎಂದರು. "ಅಯ್ಯೋ ಅವ್ವಾ, ಹೂ ಮುಡ್ಕಂಡಿದ್ದೀಯಾ?" ಎಂದಳು ಮಗಳು. "ಮುಡ್ಕಂಡಿವ್ನಿ ಕಣವ್ವಾ, ಪೌಡ್ರೂ ಹಾಕ್ಕಂಡಿವ್ನಿ." ಇಬ್ಬರೂ ನಗತೊಡಗಿದರು. ಮೂರು ನಿಮಿಷವೂ ಸೀರೆ, ಹೂವಿನ ಮಾತೇ. ಟೈಮಾಯಿತು ಎಂದು ಹೇಳುವುದಕ್ಕೆ ನನಗೆ ಮನಸ್ಸೇ ಬರಲಿಲ್ಲ, ಆದರೂ ಹೇಳಿದೆ.

ಹೊರಗೆ ಬಂದ ಪಾರ್ವತಮ್ಮ ಸೀದಾ ಕಿಂಡಿಯ ಹತ್ತಿರ ಬಂದು ಬಗ್ಗಿ ನೋಡಿದರು. "ಯಾಕವ್ವಾ, ಮಕ ಹಿಂಗೆ ಒಣಗಿಸ್ಕಂಡು ಕುಂತಿದ್ದೀಯ? ಆವತ್ತಿನ ಬಣ್ಣ ಎಲ್ಲಿ?"

ನಾನು ನಂಜುಂಡಯ್ಯನವರ ಕಡೆ ನೋಡಿದೆ. ಅವರು ಚಾವಣಿಯ ಕಡೆ ನೋಡಿದರು. ಪಾರ್ವತಮ್ಮನಿಗೆ ಅಷ್ಟೇ ಸಾಕಾಯಿತು.

"ಸೋಮೀ, ಆವತ್ತು ಏನೋ ಸಿಟ್ನಾಗೆ ಬಾಯಿಗ್ ಬಂದಂಗೆ ಅಂದೆ. ಅದ್ನ ವಾಪಸ್ ತಗಂಡಿವ್ನಿ. ಆ ಮಗೀನ ತಂಟೆಗೆ ಹೋಗ್ಬ್ಯಾಡಿ. ಅದ್ರ ಮಕ, ಅದ್ರ ಬಣ್ಣ."

"ನನ್ನದೇನಿದೆಯಮ್ಮ? ನನಗೆ ಬೇಕಾದ್ದು ಧ್ವನಿ" ಎಂದರು ನಂಜುಂಡಯ್ಯನವರು. ಮಾರನೆಯ ದಿನ ನಾನು ಬ್ಯಾಟರಿ ರೂಮಿನಿಂದ ಹೊರಬಂದಾಗ ಅವರು ಬಾಗಿಲ ಹಿಂದೆ ನಿಂತಿದ್ದರು. ಒಂದು ‘ನಂಬರ್ ಪ್ಲೀಸ್’ ಕೇಳಿಸಿಕೊಂಡು, ನಶ್ಯ ಏರಿಸಿ, ಸೀನುತ್ತ ತಮ್ಮ ಮೇಜಿಗೆ ಹೋದರು. ಖಾಯಂ ಆಯಿತು. ರುದ್ರಪ್ಪನವರೂ ಮತ್ತೆ ಯಾವ ಸಾಹೇಬರೆಂದು ಕೇಳತೊಡಗಿದರು.

ಮುಂದೆ ಅಲ್ಲಿಗೂ ಆಟೊಮ್ಯಾಟಿಕ್ ಬಂತು. ವೈರು, ಮುಚ್ಚಳ ಎಲ್ಲ ಹೋದವು. ನಮ್ಮ ಯಜಮಾನರು ಹಾಸನದ ಬೋರ್ಡಿನಲ್ಲಿದ್ದವರು, ಮುಖ ನೋಡುವ ಮೊದಲೇ ನನ್ನ ಧ್ವನಿ ಒಪ್ಪಿಕೊಂಡವರು. ಸಜ್ಜಿಗೆ, ಬೊಂಡದ ಖರ್ಚು ಉಳಿಯಿತು. ಆ ಕಥೆ ಇಲ್ಲಿ ಬೇಡ. ಇನ್ನೊಂದು ಸಣ್ಣ ಸಂಗತಿ ಹೇಳುವುದಿದೆ.

ಆ ಕಾಲ್ ಆದ ಮೇಲೆ ಪಾರ್ವತಮ್ಮ ಆಗಾಗ ಬರುತ್ತಿದ್ದರು. ಹೀಗೇ ಒಂದು ಸಂಜೆ ಗಂಡನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಕಿಂಡಿಗೆ ಬಾಯಿಟ್ಟು ಪಿಸುಗುಟ್ಟಿದರು. "ಅವ್ವಾ, ಅದು ತುಟೀಗೆ ಹಚ್ಕತೀಯಲ್ಲ, ಹಚ್ಕಂಡ್ರೆ ಹೆಂಗಿರ್ತದೆ?" ನಾನು ಚೀಲದಿಂದ ತುಟಿಬಣ್ಣ ತೆಗೆದು ಕಿಂಡಿಯಲ್ಲಿ ತೂರಿಸಿದೆ. ಗೂಡಿನ ಬಾಗಿಲು ಹಾಕಿಕೊಂಡು, ಗೋಡೆಯ ಕಡೆ ತಿರುಗಿ, ಕನ್ನಡಿಯೂ ಇಲ್ಲದೆ ಹಚ್ಚಿಕೊಂಡರು. ಲೈನು ಬಂತು. "ಅವ್ವಾ, ಏನೋ ಖುಷಿಯಾಗಿರಂಗೈತಲ್ಲಾ?" ಎಂದಳು ಮಗಳು. "ಏನಿಲ್ಲ ಕಣೇ, ಹಿಂಗೇಯ" ಎಂದರು.

ಮಾತು ಮುಗಿಸಿದವರು ತುಟಿ ಒರೆಸಿಕೊಳ್ಳಲು ಸೆರಗು ಎತ್ತಿದರು. ಎತ್ತಿದ ಕೈಯನ್ನು ಹಾಗೇ ಇಳಿಸಿ, ಬಾಗಿಲು ತೆರೆದು ಹೊರಟರು. ಬೆಂಚಿನಿಂದ ಎದ್ದ ರುದ್ರಪ್ಪನವರು ಅವರ ಮುಖವನ್ನೇ ನೋಡಿ, "ಇದೇನೇ, ಬಾಯಿ ಇಷ್ಟು ಕೆಂಪಗೆ?" ಎಂದರು. "ಎಲೆಡಿಕೆ ಕಣ್ರೀ, ಎಲೆ ಎಳೇದಿತ್ತು. ನಡೀರಿ" ಎಂದರು ಪಾರ್ವತಮ್ಮ.

ಆ ಸಂಜೆ ನಾನೂ ಕರವಸ್ತ್ರ ತೆಗೆಯದೆ ಸ್ಟೇಷನ್ ರಸ್ತೆಯ ಉದ್ದಕ್ಕೂ ನಡೆದು ಮನೆಗೆ ಹೋದೆ. ಬಾಗಿಲಲ್ಲೇ ಮಾವನ ಹೆಂಡತಿ ತಡೆದು, ತುಟಿಗೇನಾಗಿದೆ ಎಂದು ಕೇಳಿದರು. ಎಲೆಅಡಿಕೆ ಎಂದೆ. ಮದುವೆಯಾಗದ ಹುಡುಗಿ ಎಲೆಅಡಿಕೆ ಹಾಕುವುದುಂಟೇ ಎಂದು ಊಟ ಮುಗಿಯುವವರೆಗೂ ಬೈದರು. ನಾನು ಸುಮ್ಮನೆ ಬೈಸಿಕೊಂಡು, ಎರಡು ಸಲ ಸಾರು ಹಾಕಿಸಿಕೊಂಡು ಊಟ ಮಾಡಿದೆ.